ಮಾದಪ್ಪನ ಬೆಟ್ಟದ ಬಯಲು ಬಿಡಾರ

ಮಲೆ ಮಹದೇಶ್ವರ ಬೆಟ್ಟದ ಅಭಿವೃದ್ಧಿಯ ಪ್ರಸ್ತಾಪ ಬಂದಾಗಲೆಲ್ಲ ಲೆಕ್ಕ ನಡೆಯುವುದು ಕೊಠಡಿಗಳಲ್ಲಿ. ಹೊಸ ವಸತಿಗೃಹ ಎಷ್ಟು, ಅತಿಥಿಗೃಹದ ದುರಸ್ತಿ ಯಾವಾಗ, ದಾಸೋಹ ಭವನದ ವಿಸ್ತರಣೆಗೆ ಅಂದಾಜು ವೆಚ್ಚವೇನು ಎಂಬ ಪ್ರಶ್ನೆಗಳ ಸುತ್ತಲೇ ಸಭೆಗಳು ಮುಗಿಯುತ್ತವೆ. ಆದರೆ ಶಿವರಾತ್ರಿ, ಯುಗಾದಿ, ಮಹಾಲಯ ಅಮಾವಾಸ್ಯೆ, ದೀಪಾವಳಿಯ ಜಾತ್ರೆಗಳಿಗೆ ಬೆಟ್ಟ ಹತ್ತುವ ಲಕ್ಷಾಂತರ ಜನರಲ್ಲಿ ಬಹುಪಾಲು ಮಂದಿ ಕೊಠಡಿಯ ಬೀಗದ ಕೈಯನ್ನು ಮುಟ್ಟುವವರೇ ಅಲ್ಲ. ಅವರು ಮಲಗುವುದು ಬಯಲಿನಲ್ಲಿ. ಮರದ ನೆರಳು, ಮಂಟಪದ ಜಗಲಿ, ಬಸ್ಸು ನಿಲ್ಲುವ ಜಾಗದ ಅಂಚು, ಅಂತರಗಂಗೆಗೆ ಇಳಿಯುವ ದಾರಿಯ ಬದಿ, ಹೀಗೆ ಎಲ್ಲಿ ಚಾಪೆ ಹಾಸಲು ಮೂರು ಮೊಳ ನೆಲ ಸಿಕ್ಕಿತೋ ಅಲ್ಲೇ ಅವರ ಬಿಡಾರ. ನಾಡಿನ ಅತಿ ಹಳೆಯ, ಅತಿ ದೊಡ್ಡ ಶಿಬಿರತಾಣಗಳ ಪೈಕಿ ಇದೂ ಒಂದು ಎಂದರೆ ಉತ್ಪ್ರೇಕ್ಷೆಯಾಗದು. ಆದರೆ ಅದನ್ನು ಶಿಬಿರತಾಣವೆಂದು ಯಾರೂ ಕರೆಯದ ಕಾರಣ, ಅದರ ಆಧುನೀಕರಣದ ಬಗ್ಗೆ ಯೋಚಿಸುವವರೂ ಇಲ್ಲವಾಗಿದ್ದಾರೆ.

ಈ ಬಯಲು ವಾಸವನ್ನು ಬಡತನದ ಅನಿವಾರ್ಯತೆ ಎಂದಷ್ಟೇ ಭಾವಿಸುವುದು ತಪ್ಪು. ಕೊಳ್ಳೇಗಾಲ, ಮಳವಳ್ಳಿ, ಮದ್ದೂರು, ಕನಕಪುರ, ನಂಜನಗೂಡು ಸೀಮೆಯ ಒಕ್ಕಲು ಮನೆಗಳಿಗೆ ಬೆಟ್ಟಕ್ಕೆ ಹೋಗುವುದೆಂದರೆ ದೇವರ ಮುಂದೆ ಹತ್ತು ನಿಮಿಷ ನಿಂತು ಹಿಂದಿರುಗುವುದಲ್ಲ. ಅಲ್ಲಿ ತಂಗಬೇಕು. ಮುಡಿ ಕೊಡಬೇಕು, ಮೀಯಬೇಕು, ಹುಲಿವಾಹನದ ಸೇವೆ ನೋಡಬೇಕು, ಕಂಸಾಳೆಯವರ ಪದ ಕೇಳುತ್ತ ರಾತ್ರಿ ಕಳೆಯಬೇಕು. ಮೂರು ಕಲ್ಲು ಹೂಡಿ ಅನ್ನ ಬೇಯಿಸಿ, ಪಕ್ಕದ ಬಿಡಾರದವರಿಗೂ ಒಂದು ತುತ್ತು ಇಕ್ಕಬೇಕು. ಮಾದಪ್ಪನ ಕಥೆಯೇ ಊರೂರು ಅಲೆದು ಕೊನೆಗೆ ಏಳುಮಲೆಯಲ್ಲಿ ನೆಲೆನಿಂತವನ ಕಥೆ. ಪಿ.ಕೆ. ರಾಜಶೇಖರ ಅವರು ಸಂಗ್ರಹಿಸಿ 1973ರಲ್ಲಿ ಪ್ರಕಟಿಸಿದ ಜನಪದ ಮಹಾಕಾವ್ಯವನ್ನು ಓದಿದವರಿಗೆ, ನಡೆಯುವುದು ಮತ್ತು ತಂಗುವುದು ಈ ಪರಂಪರೆಯ ತಿರುಳೆಂಬುದು ತಿಳಿದೀತು. ಆ ಕಾವ್ಯವೇ ಗುಡ್ಡರ ಬಾಯಲ್ಲಿ ರಾತ್ರಿಯಿಡೀ ನಡೆಯುವಂಥದ್ದು. ಬಾಗಿಲು ಹಾಕಿದ ಕೊಠಡಿಯಲ್ಲಿ ಅದಕ್ಕೆ ಕೇಳುಗರು ಎಲ್ಲಿಂದ ಬಂದಾರು?

ಇಲ್ಲಿಗೆ ಬರುವವರು ಕನ್ನಡಿಗರಷ್ಟೇ ಅಲ್ಲ. ಕೊಳ್ಳೇಗಾಲ ತಾಲ್ಲೂಕು 1956ರ ಏಕೀಕರಣದವರೆಗೆ ಮದ್ರಾಸಿನ ಆಡಳಿತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಗಡಿ ಬದಲಾದರೂ ಹರಕೆ ಬದಲಾಗಲಿಲ್ಲ. ಸೇಲಂ, ಧರ್ಮಪುರಿ, ಈರೋಡಿನ ಕಡೆಯಿಂದ ಪಾಲಾರ್ ದಾರಿಯಾಗಿ ಇಂದಿಗೂ ಭಕ್ತರು ಬರುತ್ತಾರೆ. ಉತ್ತರದಿಂದ, ಕನಕಪುರದ ಸಂಗಮದ ಕಡೆಯ ಪಾದಯಾತ್ರಿಗಳು ಶಿವರಾತ್ರಿಯ ಹೊತ್ತಿಗೆ ಕಾವೇರಿಯನ್ನು ದಾಟಿ, ಕಾಡು ಹಾದು, ಹನೂರು, ಕೌದಳ್ಳಿ, ತಾಳಬೆಟ್ಟದ ಮೂಲಕ ಬೆಟ್ಟ ಸೇರುತ್ತಾರೆ. ಅವರಿಗೆ ಒಂದಲ್ಲ, ನಾಲ್ಕಾರು ರಾತ್ರಿಗಳ ಬಿಡಾರ ಬೇಕು. ದಾರಿಯುದ್ದಕ್ಕೂ ಊರಿನವರು ಅನ್ನ, ಮಜ್ಜಿಗೆ ಕೊಟ್ಟು ಸಲಹುತ್ತಾರೆ ಎಂಬುದು ನಿಜ. ಆದರೆ ಸಾವಿರಾರು ಜನ ಒಂದೇ ರಾತ್ರಿ ಬಂದಿಳಿದಾಗ ನೀರು ಮತ್ತು ಶೌಚದ ಹೊಣೆಯನ್ನು ಹಳ್ಳಿಯ ಔದಾರ್ಯದ ಮೇಲೆ ಹೊರಿಸುವುದು ನ್ಯಾಯವೇ?

ಸಮಸ್ಯೆಯ ಇನ್ನೊಂದು ಮುಖ ಕಾಡಿನದು. ಬೆಟ್ಟದ ಸುತ್ತಲಿನ 906 ಚದರ ಕಿಲೋಮೀಟರ್ ಅರಣ್ಯವನ್ನು 2013ರ ಮೇ ತಿಂಗಳಿನಲ್ಲಿ ಮಲೆ ಮಹದೇಶ್ವರ ವನ್ಯಧಾಮವೆಂದು ಘೋಷಿಸಲಾಯಿತು. ಪಶ್ಚಿಮಕ್ಕೆ ಬಿಳಿಗಿರಿರಂಗನ ಬೆಟ್ಟದ ಹುಲಿ ಸಂರಕ್ಷಿತ ಪ್ರದೇಶ, ದಕ್ಷಿಣಕ್ಕೆ ತಮಿಳುನಾಡಿನ ಸತ್ಯಮಂಗಲ, ಉತ್ತರಕ್ಕೆ ಕಾವೇರಿ ವನ್ಯಧಾಮ. ಆನೆ, ಹುಲಿಗಳು ಪೂರ್ವ ಮತ್ತು ಪಶ್ಚಿಮ ಘಟ್ಟಗಳ ನಡುವೆ ಓಡಾಡಲು ಉಳಿದಿರುವ ಕೊಂಡಿಯೇ ಇದು. 2025ರ ಜೂನ್ ತಿಂಗಳಲ್ಲಿ ಹೂಗ್ಯಂ ವಲಯದಲ್ಲಿ ವಿಷವಿಟ್ಟ ಹಸುವಿನ ಕಳೇಬರ ತಿಂದು ತಾಯಿ ಹುಲಿಯೊಂದು ತನ್ನ ನಾಲ್ಕು ಮರಿಗಳೊಂದಿಗೆ ಸತ್ತಾಗ ಈ ಕಾಡಿನ ಹೆಸರು ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಜನ ಮತ್ತು ಕಾಡಿನ ನಡುವಣ ಒಡಂಬಡಿಕೆ ಎಷ್ಟು ದುರ್ಬಲವಾಗಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಈಗ ಕ್ಯಾಲೆಂಡರನ್ನು ನೋಡಿ. ಶಿವರಾತ್ರಿ ಬರುವುದು ಫೆಬ್ರುವರಿ ಇಲ್ಲವೇ ಮಾರ್ಚ್‌ನಲ್ಲಿ. ಯುಗಾದಿ ಮಾರ್ಚ್ ಅಥವಾ ಏಪ್ರಿಲ್‌ನಲ್ಲಿ. ಎಲೆಯುದುರಿದ ಈ ಕುರುಚಲು ಕಾಡು ಕಡ್ಡಿ ಗೀರಿದರೆ ಹೊತ್ತಿಕೊಳ್ಳುವುದೂ ಆಗಲೇ. ವನ್ಯಧಾಮಕ್ಕೆ ಅಪಾಯವಾಗುವಂತೆ ಬೆಂಕಿ ಹೊತ್ತಿಸುವುದನ್ನು, ಉರಿಯುವ ಬೆಂಕಿಯನ್ನು ಬಿಟ್ಟುಹೋಗುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೇ ಕಲಂ ನಿಷೇಧಿಸುತ್ತದೆ. ಅದರ ಹಿಂದಿನ ಕಲಂ ಅನುಮತಿಯಿಲ್ಲದೆ ಅರಣ್ಯೋತ್ಪನ್ನ ತೆಗೆಯುವುದನ್ನು ತಡೆಯುತ್ತದೆ. ಅಂದರೆ ಅಜ್ಜನ ಕಾಲದಿಂದ ಪುಳ್ಳೆ ಆರಿಸಿ ಮೂರು ಕಲ್ಲಿನ ಒಲೆ ಹೂಡುತ್ತ ಬಂದ ಭಕ್ತ, ಬಿಡಾರದ ಅಂಚಿನಿಂದ ನಾಲ್ಕು ಹೆಜ್ಜೆ ಆಚೆ ಹೋದರೆ ಕಾನೂನಿನ ಕಣ್ಣಿನಲ್ಲಿ ಅಪರಾಧಿ. ಅವನಿಗೆ ಬದಲಿ ಒಲೆಯೊಂದನ್ನು ಕೊಟ್ಟು ಕಾನೂನು ಹೇಳಬೇಕಾದದ್ದು ಧರ್ಮ. ಬರಿಯ ಎಚ್ಚರಿಕೆಯ ಫಲಕ ನೆಟ್ಟು ಕೈತೊಳೆದುಕೊಂಡರೆ ಒಲೆಯೂ ಆರದು, ಕಾಡೂ ಉಳಿಯದು.

ಇದೇ ಕಾಡಿನ ಇನ್ನೊಂದು ತುದಿಯಲ್ಲಿ ಮತ್ತೊಂದು ಬಗೆಯ ಬಿಡಾರವಿದೆ. ಬೆಟ್ಟ ಇಳಿದು ಪಾಲಾರ್ ದಾಟಿ ಹೊಗೆನಕಲ್‌ನತ್ತ ಸಾಗಿದರೆ ಗೋಪಿನಾಥಂ ಸಿಗುತ್ತದೆ. ವೀರಪ್ಪನ್ ಹುಟ್ಟಿದ ಊರೆಂದು ಹೆಸರು ಕೆಡಿಸಿಕೊಂಡ, ಆದರೆ 1991ರ ನವೆಂಬರಿನಲ್ಲಿ ಅವನ ಕೈಯಲ್ಲಿ ಹತರಾದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು ಇಂದಿಗೂ ಗೌರವದಿಂದ ನೆನೆಯುವ ಊರು ಅದು. 2004ರಲ್ಲಿ ವೀರಪ್ಪನ್ ಹತನಾಗಿ ಕಾಡಿಗೆ ನೆಮ್ಮದಿ ಮರಳಿದ ಬಳಿಕ, ಸರ್ಕಾರದ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಸಂಸ್ಥೆ ಅಲ್ಲಿನ ಜಲಾಶಯದ ಬಳಿ ‘ಮಿಸ್ಟರಿ ಟ್ರೇಲ್ಸ್’ ಎಂಬ ಹೆಸರಿನಲ್ಲಿ ಡೇರೆಗಳ ಶಿಬಿರ ನಡೆಸತೊಡಗಿತು. ನೀರಿನಂಚಿನ ಡೇರೆ, ಕಾಡಿನ ನಡಿಗೆ, ಜೊತೆಗೆ ದಾರಿ ತೋರುವವರು. 1980ರಲ್ಲಿ ಸ್ಥಾಪನೆಯಾಗಿ ಕಬಿನಿಯ ದಂಡೆಯಲ್ಲಿ ಹೆಸರು ಮಾಡಿದ ಈ ಸಂಸ್ಥೆಗೆ, ಕೆರೆ ಹೊಳೆಗಳ ಬಳಿ ಜನರನ್ನು ಹೇಗೆ ಇಳಿಸಬೇಕು, ಕಸ ಎಲ್ಲಿಗೆ ಹೋಗಬೇಕು, ದೀಪ ಎಷ್ಟಿರಬೇಕು ಎಂಬುದು ಅನುಭವದಿಂದ ಗೊತ್ತು.

ಆಕ್ಷೇಪ ಆ ಶಿಬಿರದ ಮೇಲಲ್ಲ. ಪ್ರವಾಸಿಗಾದರೆ ಬಯಲಲ್ಲಿ ಮಲಗುವುದು ಒಂದು ಸೌಖ್ಯ, ಅದಕ್ಕೊಂದು ದರ, ಅದಕ್ಕೊಂದು ವಿನ್ಯಾಸ. ಅದೇ ಕಾಡಿನಲ್ಲಿ, ಅದೇ ಸರ್ಕಾರದ ಕಣ್ಣೆದುರು ಹರಕೆ ಹೊತ್ತವಳು ಬಯಲಲ್ಲಿ ಮಲಗಿದರೆ ಅದು ‘ಜನದಟ್ಟಣೆ’. ಈ ಪದಭೇದದಲ್ಲೇ ನಮ್ಮ ಯೋಜನೆಗಳ ದೋಷ ಅಡಗಿದೆ. ದಟ್ಟಣೆಯಾದರೆ ಅದನ್ನು ಚದುರಿಸಬೇಕು, ಬೇಲಿ ಹಾಕಿ ಸಾಲಾಗಿ ನಿಲ್ಲಿಸಬೇಕು. ಶಿಬಿರವೆಂದು ಒಪ್ಪಿಕೊಂಡರೆ ಅದಕ್ಕೆ ನೆಲ, ನೀರು, ಒಲೆ, ಮರೆ ಒದಗಿಸಬೇಕಾಗುತ್ತದೆ.

ಬಯಲು ಬಿಡಾರಕ್ಕೂ ಒಂದು ಶಾಸ್ತ್ರವಿದೆ ಎಂಬುದನ್ನು ಮೊದಲು ಮನಗಂಡವರು ಅಮೆರಿಕದವರು. ಕಳೆದ ಶತಮಾನದ ಇಪ್ಪತ್ತರ ದಶಕದಲ್ಲಿ ಕಾರುಗಳು ಅಗ್ಗವಾಗಿ, ಜನ ಸಂಸಾರ ಸಮೇತ ಉದ್ಯಾನವನಗಳಿಗೆ ನುಗ್ಗತೊಡಗಿದರು. ಮನಬಂದಲ್ಲಿ ಗಾಡಿ ನಿಲ್ಲಿಸಿ ಡೇರೆ ಹೊಡೆದರು. ಕೆಲವೇ ವರ್ಷಗಳಲ್ಲಿ ಶತಮಾನಗಳಷ್ಟು ಹಳೆಯ ಮರಗಳು ಸೊರಗತೊಡಗಿದವು. ಅಲ್ಲಿನ ಅರಣ್ಯ ಇಲಾಖೆಯಲ್ಲಿದ್ದ ಎಮಿಲಿಯೊ ಮೈನೆಕೆ ಎಂಬ ಸಸ್ಯರೋಗ ತಜ್ಞ ಕಾರಣ ಹುಡುಕಲು ಹೊರಟ. ಅವನಿಗೆ ಕಂಡದ್ದು ರೋಗವಲ್ಲ, ತುಳಿತ. ಸಾವಿರಾರು ಕಾಲು ಮತ್ತು ಚಕ್ರಗಳ ಕೆಳಗೆ ಮಣ್ಣು ಗಟ್ಟಿಯಾಗುತ್ತದೆ. ಮಣ್ಣಿನ ಕಣಗಳ ನಡುವಿನ ಸಂದು ಮುಚ್ಚಿ ಬೇರಿಗೆ ಗಾಳಿಯೂ ನೀರೂ ಸಿಗದಾಗುತ್ತದೆ. ಮಳೆ ಬಿದ್ದರೆ ಇಂಗದೆ ಹರಿದುಹೋಗುತ್ತದೆ. ಹೊಸ ಸಸಿ ತಲೆಯೆತ್ತದು. ಹಳೆಯ ಮರ ಮಾತ್ರ ಹಲವು ವರ್ಷ ಹಸಿರಾಗಿಯೇ ನಿಂತು, ಆಮೇಲೆ ತುದಿಯಿಂದ ಒಣಗುತ್ತ ಬರುತ್ತದೆ. ಆ ವೇಳೆಗೆ ಕಾರಣವನ್ನು ನೆನಪಿಟ್ಟುಕೊಂಡವರು ಯಾರೂ ಇರುವುದಿಲ್ಲ; ಮರಕ್ಕೆ ವಯಸ್ಸಾಗಿತ್ತು ಎಂದು ಕಡಿದುಹಾಕುತ್ತಾರೆ.

ಜನರನ್ನು ಹೊರಗಟ್ಟಿರೆಂದು ಮೈನೆಕೆ ಹೇಳಲಿಲ್ಲ. 1932ರಲ್ಲಿ ಅವನು ಬರೆದ ಶಿಬಿರತಾಣ ನೀತಿಯ ಸಾರ ತೀರಾ ಸರಳ: ಪ್ರತಿಯೊಂದಕ್ಕೂ ಖಚಿತವಾದ ಜಾಗವಿರಲಿ. ಒಂದೇ ದಿಕ್ಕಿಗೆ ಸಾಗುವ ಕಿರಿದಾದ ದಾರಿ, ಗಾಡಿ ನಿಲ್ಲಲು ಗುರುತಿಸಿದ ತಾವು, ಕದಲದ ಒಲೆ, ಕದಲದ ಮೇಜು, ಡೇರೆಗೆ ಸಮತಟ್ಟು ನೆಲ, ಉಳಿದ ಕಡೆ ಗಾಡಿ ಹೋಗದಂತೆ ಅಡ್ಡಲಾಗಿ ಬಂಡೆ ಅಥವಾ ದಿಮ್ಮಿ. ತುಳಿಯಬೇಕಾದ ನೆಲ ತುಳಿತಕ್ಕೆ ಸಿದ್ಧವಾಗಿರಲಿ, ಬೇರಿನ ನೆಲವನ್ನು ಬೇರಿಗೆ ಬಿಡಿ ಎಂಬುದು ಅವನ ವಾದ. ಮುಂದೆ ಆರ್ಥಿಕ ಕುಸಿತದ ವರ್ಷಗಳಲ್ಲಿ ನಿರುದ್ಯೋಗಿ ತರುಣರಿಗೆಂದು 1933ರಲ್ಲಿ ಆರಂಭಿಸಿದ ಸಂರಕ್ಷಣಾ ದಳದವರು ಆ ದೇಶದ ಉದ್ಯಾನಗಳಲ್ಲಿ ಇಂಥ ಶಿಬಿರತಾಣಗಳನ್ನು ಕಟ್ಟಿದರು. ಈಗ ಅವು ಹಳತಾಗಿ, ದೊಡ್ಡ ವಾಹನಗಳಿಗೂ ಹೆಚ್ಚಿದ ಜನಕ್ಕೂ ತಕ್ಕಂತೆ ಅವನ್ನು ನವೀಕರಿಸುವ ಚರ್ಚೆ ಅಲ್ಲಿ ನಡೆಯುತ್ತದೆ. ನಾವಾದರೋ ಆ ಮೊದಲ ಹೆಜ್ಜೆಯನ್ನೇ ಇಟ್ಟಿಲ್ಲ.

ಮಾದಪ್ಪನ ಬೆಟ್ಟಕ್ಕೆ ಈ ಪಾಠ ಹೊಂದದು ಎನ್ನಲು ಕಾರಣವಿಲ್ಲ. ಜನ ಮಲಗುವುದು ಮರದಡಿ. ಒಲೆ ಹೂಡುವುದು ಅದರ ಬೊಡ್ಡೆಗೆ ಆನಿಸಿ. ಬೇರಿನ ಮೇಲೆ ಬೂದಿ, ಬಿಸಿ ಗಂಜಿ, ಸೋಪಿನ ನೀರು. ಒಂದೊಂದು ಜಾತ್ರೆಯೂ ಆ ಮರಕ್ಕೆ ಒಂದೊಂದು ಕಾಯಿಲೆ. ನೆರಳು ಹೋದ ಜಾಗಕ್ಕೆ ತಗಡಿನ ಚಾವಣಿ ಬರುತ್ತದೆ, ಅದರಡಿ ಕಾಂಕ್ರೀಟು ಬರುತ್ತದೆ, ಏಪ್ರಿಲ್ ಮಧ್ಯಾಹ್ನದಲ್ಲಿ ಅಲ್ಲಿ ಮಗುವನ್ನು ಮಲಗಿಸಲಾಗದು ಎಂದು ತಾಯಂದಿರು ಮತ್ತೆ ಉಳಿದ ಮರ ಹುಡುಕಿಕೊಂಡು ಹೋಗುತ್ತಾರೆ.

ನೀರಿನ ಮಾತಿಗೆ ಬರೋಣ. ಬೆಟ್ಟದ ಬದುಕೆಲ್ಲ ನೀರಿಗೆ ಅಂಟಿಕೊಂಡದ್ದು. ಭಕ್ತರು ದರ್ಶನಕ್ಕೆ ಮುನ್ನ ಮೀಯುವುದು ಅಂತರಗಂಗೆಯಲ್ಲಿ. ದೀಪಾವಳಿಯ ಹಾಲರವೆ ಉತ್ಸವದಲ್ಲಿ ಬೇಡಗಂಪಣ ಸಮುದಾಯದ 101 ಹೆಣ್ಣುಮಕ್ಕಳು ಕಾಡಿನ ಹಳ್ಳದಿಂದ ನೀರು ಹೊತ್ತು ತಂದು ಮಾದಪ್ಪನಿಗೆ ಅಭಿಷೇಕ ಮಾಡಿಸುತ್ತಾರೆ. ಹಳ್ಳದ ನೀರು ದೇವರ ತಲೆಯ ಮೇಲೆ ಬೀಳಬೇಕೆಂದು ಕಟ್ಟಳೆ ಮಾಡಿದ ಹಿರಿಯರು ಹಳ್ಳ ಶುದ್ಧವಾಗಿರಬೇಕು ಎಂಬ ಕಟ್ಟಳೆಯನ್ನೂ ಅದರೊಳಗೇ ಇಟ್ಟಿದ್ದಾರೆ. ಆದರೆ ತೀರ್ಥದಲ್ಲಿ ಸೋಪು ಹಚ್ಚುವುದು, ಮಿಂದ ಬಟ್ಟೆಯನ್ನು ಅಲ್ಲೇ ಬಿಡುವುದು, ಶಾಂಪೂವಿನ ಚೀಟಿ ಎಸೆಯುವುದು ನಮ್ಮ ನಾಡಿನ ಬಹುತೇಕ ಪುಣ್ಯಕ್ಷೇತ್ರಗಳಿಗೆ ಅಂಟಿದ ರೋಗ. ಪೆರಿಯಾರ್ ಹುಲಿ ಸಂರಕ್ಷಿತ ಪ್ರದೇಶದೊಳಗಿರುವ ಶಬರಿಮಲೆಯ ಬುಡದಲ್ಲಿ ಪಂಪಾ ನದಿ ಮಲಿನವಾದುದನ್ನು ಸರಿಪಡಿಸಲು ಕೇರಳ ಇಂದಿಗೂ ಹೆಣಗುತ್ತಿದೆ. ನದಿಗಾದರೆ ಮಳೆಗಾಲದಲ್ಲಿ ತೊಳೆದುಕೊಳ್ಳುವ ಶಕ್ತಿಯಾದರೂ ಉಂಟು. ಕೊಳಕ್ಕೆ ಅದೂ ಇಲ್ಲ. ಮೀಯುವ ಕೊಳ ಬೇರೆ, ಸೋಪು ಹಚ್ಚುವ ನಲ್ಲಿಗಳ ಕಟ್ಟೆ ಬೇರೆ, ಆ ಕಟ್ಟೆಯ ಬಚ್ಚಲ ನೀರು ಕೊಳದ ಕಡೆಗೆ ಇಳಿಯದಂತೆ ಪ್ರತ್ಯೇಕ ಕಾಲುವೆ, ಕೊನೆಗೊಂದು ಶುದ್ಧೀಕರಣದ ಗುಂಡಿ: ಇದಿಷ್ಟಕ್ಕೆ ವಿದೇಶಿ ತಜ್ಞರು ಬೇಕಾಗಿಲ್ಲ.

ಶೌಚಾಲಯದ ಪ್ರಶ್ನೆಯನ್ನು ಮುಜುಗರವಿಲ್ಲದೆ ಎತ್ತಬೇಕು. 2023ರ ಜೂನ್‌ನಲ್ಲಿ ‘ಶಕ್ತಿ’ ಯೋಜನೆ ಜಾರಿಯಾಗಿ ಸಾರಿಗೆ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣ ದೊರೆತ ಮೇಲೆ, ರಾಜ್ಯದ ಯಾತ್ರಾಸ್ಥಳಗಳಿಗೆ ಬರುವ ಹೆಣ್ಣುಮಕ್ಕಳ ಸಂಖ್ಯೆ ಏರಿತು. ಗಂಡನ ಅನುಮತಿಗೂ ಹಣಕ್ಕೂ ಕಾಯದೆ ಮಾದಪ್ಪನನ್ನು ಕಂಡುಬರುವ ಸ್ವಾತಂತ್ರ್ಯ ಅನೇಕರಿಗೆ ಮೊದಲ ಬಾರಿಗೆ ಸಿಕ್ಕಿತು. ಬೆಟ್ಟಕ್ಕೆ ಬಸ್ಸು ಕೊಟ್ಟ ಸರ್ಕಾರ, ಬಸ್ಸಿಳಿದ ಮೇಲೆ ರಾತ್ರಿ ಎರಡು ಗಂಟೆಗೆ ಬಯಲಿನಿಂದ ಎದ್ದು ಆಕೆ ಎಲ್ಲಿಗೆ ಹೋಗಬೇಕು ಎಂಬುದನ್ನೂ ಹೇಳಬೇಕಲ್ಲವೇ? ದೂರದ ಮೂಲೆಯಲ್ಲೊಂದು ದೊಡ್ಡ ಸಂಕೀರ್ಣ ಕಟ್ಟಿ, ದಾರಿಯಲ್ಲಿ ದೀಪವಿಲ್ಲದಿದ್ದರೆ ಅದು ಕಡತದಲ್ಲಿ ಮಾತ್ರ ಇದ್ದಂತೆ. ಚಿಕ್ಕ ಚಿಕ್ಕ ಘಟಕಗಳು ಬಿಡಾರದ ನಡುವೆಯೇ ಇರಬೇಕು. ಹೆಂಗಸರವು ಗಂಡಸರದಕ್ಕಿಂತ ಹೆಚ್ಚಿರಬೇಕು. ದೀಪ ನೆಲದತ್ತ ಬಾಗಿರಬೇಕು. ಕಾಡಿನತ್ತ ಬೆಳಕು ಚೆಲ್ಲಿದರೆ ರಾತ್ರಿ ಸಂಚರಿಸುವ ಪ್ರಾಣಿಗಳ ದಾರಿ ತಪ್ಪುತ್ತದೆ.

ಇದಕ್ಕೆ ಎದುರಾಗಿ ಬರುವ ವಾದ ನಿರ್ಲಕ್ಷಿಸುವಂಥದ್ದಲ್ಲ. ಚಿರತೆ, ಆನೆ ತಿರುಗುವ ಕಾಡಿನ ನಡುವೆ ಜನರನ್ನು ಬಯಲಲ್ಲಿ ಮಲಗಿಸುವುದು ಅಪಾಯ, ಮಳೆ ಬಂದರೆ ಗತಿಯೇನು, ಎಲ್ಲರಿಗೂ ಸೂರು ಒದಗಿಸುವುದೇ ನಿಜವಾದ ಅಭಿವೃದ್ಧಿ ಎನ್ನುವವರಿದ್ದಾರೆ. ಸೂರು ಬೇಕು. ಬಾಣಂತಿಯರಿಗೆ, ವಯಸ್ಸಾದವರಿಗೆ, ಮಳೆಗಾಲದ ಅಮಾವಾಸ್ಯೆಗಳಿಗೆ ತೆರೆದ ಬದಿಯ ವಿಶಾಲ ಮಂಟಪಗಳು ಖಂಡಿತ ಬೇಕು. ಆದರೆ ವರ್ಷದ ನಾಲ್ಕಾರು ಜಾತ್ರೆಗಳ ಲಕ್ಷ ಜನಕ್ಕೆ ಸಾಲುವಷ್ಟು ಕೊಠಡಿ ಕಟ್ಟಲು ಹೊರಟರೆ ಬೆಟ್ಟವೇ ಉಳಿಯುವುದಿಲ್ಲ. ಉಳಿದ ದಿನಗಳಲ್ಲಿ ಅವು ಖಾಲಿ ಬಿದ್ದು ಬಾವಲಿಗಳ ಪಾಲಾಗುತ್ತವೆ. ಚಿರತೆಯ ಭಯಕ್ಕೂ ಮದ್ದು ಕೊಠಡಿಯಲ್ಲ. ಎಂಜಲು ಬಿದ್ದಲ್ಲಿ ನಾಯಿ, ಹಂದಿ; ಅವು ಸೇರಿದಲ್ಲಿಗೆ ಚಿರತೆ. ಕಸ ಸೂರ್ಯ ಮುಳುಗುವ ಮುನ್ನ ಬೆಟ್ಟ ಇಳಿದರೆ ಅರ್ಧ ಭಯ ಇಳಿಯಿತು.

ಇನ್ನೊಂದು ಕಾರಣವನ್ನೂ ಹೇಳಿಬಿಡುವುದು ಒಳ್ಳೆಯದು. ಕೊಠಡಿಗೆ ದಾನಿಗಳು ಸಿಗುತ್ತಾರೆ, ಬಾಗಿಲ ಮೇಲೆ ಅಮೃತಶಿಲೆಯ ಹೆಸರಿನ ಹಲಗೆ ಕೂರುತ್ತದೆ. ಚರಂಡಿಗೆ ಹೆಸರು ಕೊಡುವ ದಾನಿಯನ್ನು ಈ ಲೇಖಕ ಇದುವರೆಗೆ ಕಂಡಿಲ್ಲ. 2023ರ ಮಾರ್ಚ್‌ನಲ್ಲಿ ಹುಲಿಯೇರಿದ ಮಾದಪ್ಪನ 108 ಅಡಿ ಎತ್ತರದ ಪ್ರತಿಮೆ ಲೋಕಾರ್ಪಣೆಯಾಯಿತು, 2025ರ ಏಪ್ರಿಲ್‌ನಲ್ಲಿ ರಾಜ್ಯದ ಸಚಿವ ಸಂಪುಟವೇ ಬೆಟ್ಟದಲ್ಲಿ ಸಭೆ ನಡೆಸಿತು. ಮುಖ್ಯಮಂತ್ರಿಯವರೇ ಅಧ್ಯಕ್ಷರಾಗಿರುವ ಕ್ಷೇತ್ರಾಭಿವೃದ್ಧಿ ಪ್ರಾಧಿಕಾರ ಇರುವ ತಾಣಕ್ಕೆ ಹಣದ, ಗಮನದ ಕೊರತೆಯಿದೆ ಎಂದು ನಂಬುವುದು ಕಷ್ಟ. ಕಣ್ಣಿಗೆ ಬೀಳದ ಕೆಲಸಕ್ಕೆ ಮನಸ್ಸು ಬರಬೇಕಷ್ಟೆ.

ಒಲೆಯ ವಿಚಾರದಲ್ಲಿ ಬೆಟ್ಟದಲ್ಲೇ ಒಂದು ಉತ್ತರ ಬೆಳೆದು ನಿಂತಿದೆ. ಲಾಂಟಾನಾ ಎಂಬ ಪರದೇಶದ ಪೊದೆ ಈ ಕಾಡನ್ನೆಲ್ಲ ಆವರಿಸಿ ಹುಲ್ಲನ್ನೂ ಸಸಿಯನ್ನೂ ನುಂಗಿದೆ. ‘ಏಟ್ರೀ’ ಸಂಸ್ಥೆಯ ನೆರವಿನಿಂದ ಬೆಟ್ಟದ ಸೋಲಿಗರು ಅದರ ಬಳ್ಳಿಯಿಂದ ಕುರ್ಚಿ, ಬುಟ್ಟಿ ಹೆಣೆಯುವುದನ್ನು 2000ದ ದಶಕದಲ್ಲೇ ಕಲಿತರು. ಅರಣ್ಯ ಇಲಾಖೆಯ ಅನುಮತಿಯೊಂದಿಗೆ ಅದೇ ಲಾಂಟಾನಾವನ್ನು ಕತ್ತರಿಸಿ, ಒಣಗಿಸಿ, ಸೌದೆಯ ಕಟ್ಟಾಗಿ ಸೋಲಿಗರ ಸಂಘಗಳ ಮೂಲಕ ಬಿಡಾರದ ಕಟ್ಟೆಯೊಲೆಗಳ ಬಳಿ ಮಾರಬಹುದು. ಕಾಡಿಗೆ ಕಳೆ ಕಡಿಮೆ, ಸೋಲಿಗರಿಗೆ ಕೂಲಿ, ಭಕ್ತರಿಗೆ ಒಲೆ. ಮರಗಳಿಂದ ದೂರ, ಗಾಳಿಗೆ ಮರೆಯಾಗಿ ಕಲ್ಲಿನಲ್ಲಿ ಕಟ್ಟಿದ ಸಾಲು ಒಲೆಗಳಿದ್ದರೆ, ಬೆಂಕಿ ಕಾಯಲು ಇಬ್ಬರು ಕಾವಲುಗಾರರು ಸಾಕು. ಈಗ ಸಾವಿರ ಕಡೆ ಹೊತ್ತುವ ಬೆಂಕಿಯನ್ನು ಕಾಯಲು ಒಂದು ಪಡೆಯೂ ಸಾಲದು.

ಇಂಥ ಬಿಡಾರಕ್ಕೆ ಶುಲ್ಕ ಇಡಬಾರದು. ಮುಂಗಡ ನೋಂದಣಿ, ಮೊಬೈಲ್ ಸಂಖ್ಯೆ, ಗುರುತಿನ ಚೀಟಿ ಎಂದು ಕಟ್ಟಳೆಗಳನ್ನು ಹೇರತೊಡಗಿದರೆ ಮೊದಲು ಹೊರಗುಳಿಯುವವಳು ಊರಿಂದ ನಡೆದು ಬಂದ ಅಜ್ಜಿಯೇ. ಶುಚಿತ್ವದ ಹೊಣೆಗೆ ಭಕ್ತರನ್ನು ನಂಬಲಾಗದು ಎನ್ನುವವರು ಬೆಟ್ಟದಲ್ಲಿ ನಡೆಯುವ ‘ರಜ ಹೊಡೆಯುವ’ ಸೇವೆಯನ್ನು ಒಮ್ಮೆ ನೋಡಬೇಕು. ಹರಕೆ ಹೊತ್ತವರು ಪೊರಕೆ ಹಿಡಿದು ದೇವಾಲಯದ ಸುತ್ತ ನೆಲ ಗುಡಿಸುತ್ತಾರೆ. ಗುಡಿಸುವುದನ್ನೇ ಪೂಜೆಯಾಗಿಸಿದ ಪಂಥವಿದು. ಆ ಪೊರಕೆ ಗುಡಿಯ ಸುತ್ತಿನಿಂದ ಬಿಡಾರದ ಅಂಚಿನವರೆಗೆ ಬರಲು ಗುಡ್ಡರ, ತಮ್ಮಡಿಗಳ ಒಂದು ಮಾತು ಸಾಕಾದೀತು. ಇಲಾಖೆಯ ನೂರು ಫಲಕಗಳಿಗೆ ಆ ಬಲವಿಲ್ಲ.

ಬೆಟ್ಟದ ಕಾಡೊಳಗಿನ ಹಳ್ಳಿಗಳನ್ನು ಈ ಲೆಕ್ಕದಿಂದ ಹೊರಗಿಡುವಂತಿಲ್ಲ. ರಸ್ತೆ, ನೀರಿನಂಥ ಮೂಲಸೌಕರ್ಯ ಸಿಗದ ಸಿಟ್ಟಿನಲ್ಲಿ 2024ರ ಏಪ್ರಿಲ್ 26ರಂದು ಲೋಕಸಭಾ ಚುನಾವಣೆಯ ಮತದಾನ ಬಹಿಷ್ಕರಿಸಿದ ಇಂಡಿಗನತ್ತದಲ್ಲಿ ಮತಗಟ್ಟೆ ಧ್ವಂಸವಾಗಿ ಮರುಮತದಾನ ನಡೆಸಬೇಕಾಯಿತು. ಬಿಡಾರದ ಕಾವಲು, ಒಲೆಯ ಸೌದೆ, ನೀರಿನ ನಿರ್ವಹಣೆಯ ಕೆಲಸಗಳು ಮೊದಲು ಈ ಹಳ್ಳಿಗಳ ಬೇಡಗಂಪಣರಿಗೆ, ಸೋಲಿಗರಿಗೆ ಸಲ್ಲಬೇಕು. ಗುತ್ತಿಗೆದಾರನೊಬ್ಬನಿಗೆ ಎಲ್ಲವನ್ನೂ ಟೆಂಡರಿನಲ್ಲಿ ಒಪ್ಪಿಸಿದರೆ ಬೆಟ್ಟದವರು ಮತ್ತೆ ನೋಡುತ್ತ ನಿಲ್ಲುವವರಾಗುತ್ತಾರೆ.

ಎಲ್ಲಕ್ಕಿಂತ ಮೊದಲು ಆಗಬೇಕಾದ ಕೆಲಸಕ್ಕೆ ಹೆಚ್ಚಿನ ಖರ್ಚಿಲ್ಲ. ಮುಂದಿನ ಶಿವರಾತ್ರಿಯ ರಾತ್ರಿ ಪ್ರಾಧಿಕಾರ, ಅರಣ್ಯ ಇಲಾಖೆ ಮತ್ತು ಗ್ರಾಮ ಪಂಚಾಯಿತಿಯ ನೌಕರರು ಜೊತೆಯಾಗಿ ತಾಳಬೆಟ್ಟದಿಂದ ಅಂತರಗಂಗೆಯವರೆಗೆ ನಡೆದು, ಎಲ್ಲೆಲ್ಲಿ ಎಷ್ಟು ಜನ ಮಲಗಿದ್ದಾರೆ, ಎಷ್ಟು ಒಲೆ ಉರಿಯುತ್ತಿವೆ, ಯಾವ ಮರದಡಿ, ಹತ್ತಿರದ ನಲ್ಲಿ ಎಷ್ಟು ದೂರ ಎಂದು ಗುರುತು ಹಾಕಿಕೊಳ್ಳಲಿ. ಆ ನಕ್ಷೆಯನ್ನು ಮೇಜಿನ ಮೇಲಿಟ್ಟುಕೊಂಡ ನಂತರವೇ ಮುಂದಿನ ವಸತಿಗೃಹದ ಕಡತ ಬಿಚ್ಚಲಿ.